ಬಣ್ಣ ಮೆತ್ತಿದ ಸ್ಕ್ರೂ ಬಿಚ್ಚುವುದು ಹೇಗೆ?

ಮನೆಗೆ ಬಣ್ಣ ಬಳಿಯುವವರು ಬಾಗಿಲಿನ ಚಿಲಕ, ಬಿಜಾಗರಿಗಳನ್ನು ಬಿಚ್ಚಿಡುವ ಗೋಜಿಗೆ ಹೋಗುವುದು ಕಡಿಮೆ. ಅವುಗಳ ಮೇಲೆಯೇ ಬ್ರಶ್ ಎಳೆದುಬಿಡುತ್ತಾರೆ. ಮೂರ್ನಾಲ್ಕು ಸಲ ಹೀಗಾದರೆ ಸ್ಕ್ರೂ ತಲೆಯ ಗೀರು ಪೂರ್ತಿ ಮುಚ್ಚಿಹೋಗುತ್ತದೆ. ಮುಂದೆ ಚಿಲಕ ಬದಲಿಸಲೆಂದು ಬಲವಂತವಾಗಿ ತಿರುಗಿಸಿದರೆ ಸುತ್ತಲಿನ ಬಣ್ಣವೂ ಚಕ್ಕೆ ಚಕ್ಕೆಯಾಗಿ ಎದ್ದು ಬರುತ್ತದೆ. ಒಂದು ಚಿಲಕಕ್ಕಾಗಿ ಇಡೀ ಬಾಗಿಲಿಗೆ ಬಣ್ಣ ಹೊಡೆಸುವ ಖರ್ಚು!

ಸ್ಕ್ರೂ, ಚಿಲಕ, ಮರ ಈ ಮೂರರ ಮೇಲೂ ಬಣ್ಣ ಒಂದೇ ಪೊರೆಯಾಗಿ ಕೂತಿರುವುದೇ ಇದಕ್ಕೆ ಕಾರಣ. ಆದ್ದರಿಂದ ತಿರುಗಿಸುವ ಮೊದಲು ಆ ಪೊರೆಯನ್ನು ಕತ್ತರಿಸಬೇಕು.

* ಹರಿತವಾದ ಬ್ಲೇಡಿನ ಮೂಲೆಯಿಂದ ಸ್ಕ್ರೂ ತಲೆಯ ಸುತ್ತ ಗೆರೆ ಎಳೆಯಿರಿ. ಚಿಲಕದ ಅಂಚು ಮರಕ್ಕೆ ತಾಗುವ ಕಡೆಯೂ ಹೀಗೆಯೇ ಮಾಡಿ.

* ಚೂಪಾದ ಮೊಳೆಯಿಂದ ಗೀರಿನೊಳಗಿನ ಬಣ್ಣವನ್ನು ತಳದವರೆಗೆ ಕೆರೆದು ತೆಗೆಯಿರಿ. ಇದಕ್ಕೆ ಅವಸರ ಬೇಡ. ಅರ್ಧ ತುಂಬಿದ ಗೀರಿನಲ್ಲಿ ಸ್ಕ್ರೂಡ್ರೈವರ್ ಜಾರಿ ಸ್ಕ್ರೂ ತಲೆ ಸವೆಯುತ್ತದೆ, ಬಾಗಿಲಿಗೂ ಗೀಚು ಬೀಳುತ್ತದೆ.

* ಬಣ್ಣ ತುಂಬಾ ಗಟ್ಟಿಯಾಗಿದ್ದರೆ ಹೇರ್ ಡ್ರೈಯರಿನಿಂದ ಎರಡು ನಿಮಿಷ ಬಿಸಿಗಾಳಿ ಹಾಯಿಸಿ, ಮೆತ್ತಗಾಗುತ್ತದೆ. ಬೆಂಕಿ ಮಾತ್ರ ತೋರಿಸಬೇಡಿ.

* ಗೀರಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರನ್ನೇ ಆರಿಸಿ. ಅದನ್ನು ನೇರವಾಗಿಟ್ಟು ಹಿಡಿಯ ಮೇಲೆ ಸುತ್ತಿಗೆಯಿಂದ ಎರಡು ಮೂರು ಸಲ ಮೆಲ್ಲಗೆ ತಟ್ಟಿದರೆ ತುಕ್ಕಿನ ಹಿಡಿತ ಸಡಿಲವಾಗುತ್ತದೆ. ಮೊದಲು ಬಿಗಿಮಾಡುವಂತೆ ಸ್ವಲ್ಪವೇ ಬಲಕ್ಕೆ ತಿರುಗಿಸಿ, ನಂತರ ಎಡಕ್ಕೆ ತಿರುಗಿಸಿ.

* ಬಿಜಾಗರಿ ಬಿಚ್ಚುವುದಾದರೆ ಬಾಗಿಲಿನ ಅಡಿಗೆ ಮರದ ತುಂಡು ಸಿಕ್ಕಿಸಿ, ಇನ್ನೊಬ್ಬರಿಗೆ ಹಿಡಿದುಕೊಳ್ಳಲು ಹೇಳಿ. ಸ್ವಿಚ್ ಬೋರ್ಡಿನ ಸ್ಕ್ರೂ ಆದರೆ ಮೊದಲು ಮೈನ್ ಸ್ವಿಚ್ ಆರಿಸಿ.

ಹಳೆಯ ಮನೆಗಳಲ್ಲಿ ಇನ್ನೊಂದು ಎಚ್ಚರ ಅಗತ್ಯ. ಮನೆ ಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದುದು 2017ರ ನವೆಂಬರ್‌ನಲ್ಲಿ. ಅದಕ್ಕೂ ಮೊದಲು ಬಳಿದ ಬಣ್ಣದಲ್ಲಿ ಹೆಚ್ಚು ಸೀಸ ಇರಬಹುದು. ಅದರ ಧೂಳು ಪುಟ್ಟ ಮಕ್ಕಳ ಮಿದುಳಿನ ಬೆಳವಣಿಗೆಗೆ ಮಾರಕ, ಗರ್ಭಿಣಿಯರಿಗೂ ಅಪಾಯಕಾರಿ. ಆದ್ದರಿಂದ ಅವರನ್ನು ದೂರವಿರಿಸಿ. ಬಣ್ಣಕ್ಕೆ ನೀರು ಚಿಮುಕಿಸಿ ಕೆರೆಯಿರಿ, ಒಣ ಮರಳು ಕಾಗದದಿಂದ ಉಜ್ಜಬೇಡಿ. ಸ್ವಿಚ್ ಬೋರ್ಡಿಗೆ ಮಾತ್ರ ನೀರು ತಾಗಿಸಬೇಡಿ. ಕೆಳಗೆ ಹಳೆ ಪತ್ರಿಕೆ ಹಾಸಿ, ಚಕ್ಕೆಗಳನ್ನು ಅದರಲ್ಲೇ ಸುತ್ತಿ ಬಿಸಾಡಿ. ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ, ಕೈಗಳನ್ನು ಸೋಪು ಹಾಕಿ ತೊಳೆಯಿರಿ.

ಇನ್ನು ಹಬ್ಬಕ್ಕೋ ಮದುವೆಗೋ ಬಣ್ಣ ಬಳಿಸುವಾಗ ಚಿಲಕಗಳನ್ನು ಬಿಚ್ಚಿಡಲು ಮೊದಲೇ ಹೇಳಿ. ಆಗದಿದ್ದರೆ ಪ್ರತಿ ಸ್ಕ್ರೂವಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ. ಅರ್ಧ ಗಂಟೆಯ ಈ ಕೆಲಸ ಮುಂದಿನ ಬಹಳಷ್ಟು ತಾಪತ್ರಯವನ್ನು ತಪ್ಪಿಸುತ್ತದೆ.