ಮನೆಯ ಹಾಡಿಗೊಂದು ಬಾಗಿಲು, ಬಾಗಿಲಿಗೊಂದು ಬೀಗ

ಸಿರುಗುಪ್ಪದ ಸೀಮೆಯಲ್ಲಿ ನೀರಿನ ಮಾತು ಬಾರದ ಮನೆಯಿಲ್ಲ. ಕಾಲುವೆಗೆ ನೀರು ಬಿಟ್ಟರೇ, ತೂಬು ಎತ್ತಿದವರಾರು, ಕೊನೆಯ ಗದ್ದೆಗೆ ಮುಟ್ಟಿತೇ ಎಂಬ ವಿಚಾರಗಳು ಊಟದ ಎಲೆಯ ಮುಂದೆಯೂ ಬರುತ್ತವೆ. ತೂಬೆಂಬುದು ಅಲ್ಪ ವಸ್ತು. ಆದರೆ ಎಷ್ಟು ಎತ್ತಬೇಕು, ಎಂದು ಇಳಿಸಬೇಕು ಎಂಬ ವಿವೇಕವಿಲ್ಲದವನ ಕೈಗೆ ಸಿಕ್ಕಿದರೆ ಬತ್ತದ ಮಡಿ ಕೆರೆಯಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಕಡಿದು ಕೊಚ್ಚಿಹೋಯಿತು. ಮಿಕ್ಕ 32 ಬಾಗಿಲುಗಳೂ ನೆಟ್ಟಗಿದ್ದುವು. ಆದರೇನು? ತಡೆಯಿಲ್ಲದೆ ನೀರು ನುಗ್ಗಿ ಹೋದುದು ಆ ಒಂದರಿಂದ. ಹಾರಿಹೋದ ಬಾಗಿಲಿನ ಸ್ಥಾನದಲ್ಲಿ ತಾತ್ಕಾಲಿಕ ತಡೆಯನ್ನು ಇಳಿಸುವ ವೇಳೆಗೆ ಸುಮಾರು ಒಂದು ವಾರ ಕಳೆದಿತ್ತು. ಆ ವಾರ ನದಿಯ ಎರಡು ದಂಡೆಯ ರೈತರಿಗೂ ನಿದ್ರೆ ಹತ್ತಲಿಲ್ಲ.

ನೀರಿನ ಈ ಪೀಠಿಕೆ ಹಾಡಿನ ಪ್ರಸ್ತಾಪಕ್ಕಾಗಿ. ವಾಚಕರು ಸಿರುಗುಪ್ಪದ ಒಂದು ಮನೆಯನ್ನು ಕಲ್ಪಿಸಿಕೊಳ್ಳಲಿ. ಯಜಮಾನರು ನಿವೃತ್ತ ಉಪಾಧ್ಯಾಯರು. ಅಟ್ಟದ ಮೇಲೊಂದು ಕಬ್ಬಿಣದ ಟ್ರಂಕು; ಅದರಲ್ಲಿ ನಲವತ್ತು ಕ್ಯಾಸೆಟ್ಟುಗಳು. ಮಗಳ ನಾಮಕರಣದ ದಿನ ಓಣಿಯ ಹೆಂಗಸರು ಹಾಡಿದ ಸೋಬಾನೆ, ಬೆಳತನಕ ನಡೆದ ಬಯಲಾಟದ ಒಂದು ತುಣುಕು, ಅಜ್ಜನ ತತ್ತ್ವಪದ. ಎಲ್ಲಕ್ಕಿಂತ ಮಿಗಿಲಾಗಿ, ಉಪಾಧ್ಯಾಯರ ಮಡದಿ ತೊಟ್ಟಿಲ ಬಳಿ ಕುಳಿತು ಹಾಡಿದ ಜೋಗುಳ. ಹಾಡಿದಾಕೆ ಈಗಿಲ್ಲ. ಅಂದು ತೊಟ್ಟಿಲಲ್ಲಿದ್ದ ಮಗಳು ಇಂದು ಅಮೆರಿಕದ ನ್ಯೂಜೆರ್ಸಿಯಲ್ಲಿ ತಾನೇ ಹಸುಗೂಸಿನ ತಾಯಿ. "ಅಪ್ಪಾ, ಅವ್ವನ ಹಾಡು ಕೂಸಿಗೆ ಕೇಳಿಸಬೇಕ್ರಿ" ಎಂದು ಆಕೆ ಫೋನಿನಲ್ಲಿ ಹೇಳಿದ ದಿನ ಟ್ರಂಕು ಅಟ್ಟದಿಂದ ಕೆಳಗಿಳಿಯಿತು.

ಇಂತಹ ಟ್ರಂಕಿನ ಬೆಲೆಯನ್ನು ಬಳ್ಳಾರಿಯ ಜನಕ್ಕೆ ಹೊಸದಾಗಿ ಹೇಳಬೇಕಾದುದಿಲ್ಲ. ವೃತ್ತಿಯಲ್ಲಿ ವಕೀಲರಾಗಿ ರಂಗದ ಮೇಲೆ ಸಿಂಹದಂತೆ ಗರ್ಜಿಸಿದ ಬಳ್ಳಾರಿ ರಾಘವರು 1946ರಲ್ಲಿ ತೀರಿಕೊಂಡರು. ಕೆಲವೇ ಚಲನಚಿತ್ರಗಳಲ್ಲಿ ಅಭಿನಯಿಸಿದುದನ್ನು ಬಿಟ್ಟರೆ, ನಾಟಕದ ರಾತ್ರಿಗಳಲ್ಲಿ ಅವರು ಆಡಿದ ಮಾತೆಲ್ಲ ಆಯಾ ರಾತ್ರಿಗೇ ಮುಗಿಯಿತು. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಓದುಬರಹ ಬಾರದೆಯೂ ದಿನಗಟ್ಟಲೆ ಹಾಡುವಷ್ಟು ಕಾವ್ಯವನ್ನು ಕಂಠದಲ್ಲಿ ಇರಿಸಿಕೊಂಡಿದ್ದವರು. 2014ರಲ್ಲಿ ಅವರು ಕಣ್ಮರೆಯಾದರು. ಅವರು ಇದ್ದಾಗಲೇ ಧ್ವನಿಮುದ್ರಣ ಮಾಡಿಕೊಂಡವರ ಶ್ರಮದಿಂದ ಅಷ್ಟಾದರೂ ಉಳಿದಿದೆ. ಖ್ಯಾತರ ದನಿಯನ್ನು ಕಾಯಲು ವಿದ್ವಾಂಸರಿದ್ದಾರೆ, ವಿಶ್ವವಿದ್ಯಾಲಯಗಳಿವೆ. ಮನೆಯಾಕೆಯ ದನಿಯನ್ನು ಕಾಯಬೇಕಾದವರು ಮನೆಯವರೇ.

ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ಮಗ ಕೆಲಸಕ್ಕೆ ಕೈಯಿಟ್ಟ. ಹಳೆಯ ಟೇಪ್‌ ರೆಕಾರ್ಡರಿನ ತಲೆಯನ್ನು ಸ್ಪಿರಿಟ್ಟಿನಿಂದ ಒರಸಿ, ಅದರ ತಂತಿಯನ್ನು ಕಂಪ್ಯೂಟರಿಗೆ ಜೋಡಿಸಿ, ಒಂದೊಂದೇ ಕ್ಯಾಸೆಟ್ಟನ್ನು ಹಾಡಿಸುತ್ತ ಧ್ವನಿಯನ್ನು ಅಂಕಿಗಳನ್ನಾಗಿ ಪರಿವರ್ತಿಸುವುದು ಮೊದಲ ಹಂತ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷವೇ ಬೇಕು, ಇದರಲ್ಲಿ ಅಡ್ಡದಾರಿಯಿಲ್ಲ. ಧ್ವನಿಯ ಗುಣ ಕೆಡದಂತೆ ಬರೆದಿಟ್ಟರೆ ನಿಮಿಷಕ್ಕೆ ಸುಮಾರು 10 ಮೆಗಾಬೈಟಿನಂತೆ ಒಂದು ಕ್ಯಾಸೆಟ್ಟಿಗೆ 600, ನಲವತ್ತಕ್ಕೆ 24 ಗಿಗಾಬೈಟು. ಗುಣ ಕೆಡಿಸದೆಯೇ ಮಡಿಸಿಡುವ ವಿಧಾನವೂ ಉಂಟು. ಆಗ ಬೇಕಾಗುವ ಜಾಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಲವತ್ತು ವರ್ಷದ ಸಂಸಾರದ ನಾದವೆಲ್ಲ ಹೆಬ್ಬೆಟ್ಟಿನ ಉಗುರಿನಷ್ಟು ಕಾರ್ಡಿನಲ್ಲಿ ಅಡಗುವುದನ್ನು ಕಂಡು ಉಪಾಧ್ಯಾಯರು ತುಸು ಹೊತ್ತು ಮಾತನಾಡಲಿಲ್ಲವಂತೆ.

ಎರಡನೆಯ ಹಂತ, ಆ ಭಂಡಾರವನ್ನು ದೂರದವರಿಗೆ ತಲುಪಿಸುವುದು. ಜೆಲ್ಲಿಫಿನ್ ಎಂಬೊಂದು ತಂತ್ರಾಂಶವಿದೆ. 2018ರ ಕೊನೆಯಲ್ಲಿ ಎಂಬಿ ಎಂಬ ತಂತ್ರಾಂಶದ ಒಡೆಯರು ಅದರ ಮೂಲವನ್ನು ಸಾರ್ವಜನಿಕರಿಗೆ ತೋರಿಸುವುದನ್ನು ನಿಲ್ಲಿಸಿದಾಗ, ಅದುವರೆಗಿನ ಮೂಲವನ್ನು ಹಿಡಿದು ಉತ್ಸಾಹಿಗಳು ಬೇರೆಯಾಗಿ ಬೆಳೆಸಿದುದು ಇದು, ಇದಕ್ಕೆ ಬೆಲೆಯಿಲ್ಲ. ಮೂಲೆಗೆ ಸೇರಿದ ಹಳೆಯ ಕಂಪ್ಯೂಟರಿನಲ್ಲಿ ಇದನ್ನು ಕೂಡಿಸಿದರೆ, ಮನೆಯ ಹಾಡು, ಚಿತ್ರ, ಮದುವೆಯ ವಿಡಿಯೋಗಳನ್ನು ಗ್ರಂಥಾಲಯದ ಕಪಾಟಿನಂತೆ ಅಂದವಾಗಿ ಜೋಡಿಸಿ, ಕೇಳಿದವರ ಫೋನಿಗೆ ಹರಿಸುತ್ತದೆ. ಫೋನಿನ ಹಾಡಿಗೆ ಬೇಕಾಗುವ ಹರಿವು ಅಲ್ಪ. ಸಾಧಾರಣ ಗುಣದ ಒಂದು ನಿಮಿಷದ ಹಾಡು ಒಂದು ಮೆಗಾಬೈಟನ್ನೂ ಮೀರದು.

ತೊಡಕು ಹುಟ್ಟಿದುದು ಮನೆಯ ಹೊಸ್ತಿಲಲ್ಲಿ. ಅಂತರಜಾಲವನ್ನು ಮನೆಯೊಳಕ್ಕೆ ತರುವ ರೂಟರ್ ಎಂಬ ಪೆಟ್ಟಿಗೆ ಒಳಗಿನವರು ಕೇಳಿದುದನ್ನು ಹೊರಗಿನಿಂದ ತಂದುಕೊಡುತ್ತದೆ. ಕರೆಯದೆ ಬಂದವರನ್ನು ಒಳಗೆ ಬಿಡುವುದಿಲ್ಲ. ನ್ಯೂಜೆರ್ಸಿಯ ಮಗಳೂ ಆ ಪೆಟ್ಟಿಗೆಯ ಕಣ್ಣಿಗೆ ಹೊರಗಿನವಳೇ. ಮರುದಿನ ಬೆಂಗಳೂರಿನ ಬಸ್ಸು ಹಿಡಿಯುವ ಆತುರದಲ್ಲಿದ್ದ ಮಗ ರೂಟರಿನಲ್ಲಿ ಒಂದು ತೂಬನ್ನು ತೆರೆದ. ಇಂತಹ ತೂಬಿಗೆ ಪೋರ್ಟ್ ಎಂದು ಹೆಸರು. ಅಂದೇ ರಾತ್ರಿ ಜೋಗುಳ ಸಾಗರ ದಾಟಿತು. ಎಲ್ಲರೂ ಹಿಗ್ಗಿದರು. ತೂಬು ತೆರೆದೇ ಉಳಿಯಿತು.

ಕೆಲವು ವಾರಗಳ ಬಳಿಕ ಮಗನಿಗೆ ಅಳುಕು ಹತ್ತಿತು. ಫೋನಿನಲ್ಲಿ ತಂದೆಗೆ ವಿಷಯ ತಿಳಿಸಿದಾಗ ಹಿರಿಯರು ನಕ್ಕರು: "ಅಲ್ಲೋ ತಮ್ಮಾ, ನಿಮ್ಮವ್ವನ ಹಾಡು ಕದಿಯಾಕ ಸಿರುಗುಪ್ಪಕ್ಕ ಯಾವ ಕಳ್ಳ ಬರ್ತಾನೋ?"

ಇದು ಅನೇಕ ಸಂಸಾರಗಳಲ್ಲಿ ಕೇಳಿಬರುವ ಪ್ರಶ್ನೆ. ಅದರಲ್ಲಿ ಎರಡು ತಪ್ಪು ಕಲ್ಪನೆಗಳು ಅಡಗಿವೆ.

ಮೊದಲನೆಯದು, ಸಿರುಗುಪ್ಪದ ಓಣಿಯೊಂದರ ಮನೆಯನ್ನು ಯಾರು ಹುಡುಕಿಯಾರು ಎಂಬುದು. ಅಂತರಜಾಲದಲ್ಲಿ ಊರು ದೂರವಿಲ್ಲ, ಓಣಿ ಇಕ್ಕಟ್ಟಿಲ್ಲ. ಎಲ್ಲ ಮನೆಗಳೂ ಒಂದೇ ಬೀದಿಯಲ್ಲಿವೆ. ಹಳೆಯ ಪದ್ಧತಿಯ ವಿಳಾಸಗಳು ಒಟ್ಟು ಸುಮಾರು 429 ಕೋಟಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಜೀಮ್ಯಾಪ್ ಎಂಬ ಸಾಧನವನ್ನು ರಚಿಸಿ, ವೇಗದ ಸಂಪರ್ಕವುಳ್ಳ ಒಂದೇ ಒಂದು ಕಂಪ್ಯೂಟರಿನಿಂದ ಆ ಸಮಸ್ತ ವಿಳಾಸಗಳ ಒಂದು ಪೋರ್ಟನ್ನು ತಟ್ಟಿ ನೋಡಲು 45 ನಿಮಿಷ ಸಾಕೆಂದು ತೋರಿಸಿದರು. ತೆರೆದ ಬಾಗಿಲುಗಳ ಪಟ್ಟಿಯನ್ನೇ ಒದಗಿಸುವ ಶೋಡಾನ್ ಎಂಬ ಶೋಧಯಂತ್ರ 2009ರಿಂದಲೂ ಇದೆ. ಕಳ್ಳನು ಸಿರುಗುಪ್ಪದ ಹೆಸರನ್ನು ಕೇಳಿರಬೇಕಾಗಿಲ್ಲ. ಅವನ ಯಂತ್ರ ದಿನಕ್ಕೆ ಹಲವು ಬಾರಿ ಆ ಮನೆಯ ಕದವನ್ನು ತಟ್ಟಿ ಹೋಗುತ್ತಿರುತ್ತದೆ.

ಎರಡನೆಯದು, ಕಳ್ಳನಿಗೆ ಬೇಕಾದುದು ಹಾಡು ಎಂಬುದು. ಅವನಿಗೆ ಬೇಕಾದುದು ಒಳಗೆ ಕಾಲಿಡಲು ಒಂದು ಮೆಟ್ಟಿಲು. ಹಾಡು ಹರಿಸುವ ಕಂಪ್ಯೂಟರಿದ್ದ ಜಾಲದಲ್ಲಿಯೇ ಉಪಾಧ್ಯಾಯರ ಪಿಂಚಣಿಯ ಬ್ಯಾಂಕಿನ ವ್ಯವಹಾರ ನಡೆಯುತ್ತದೆ. ಹಬ್ಬಕ್ಕೆ ಬಂದ ಮಗನ ಕಛೇರಿಯ ಲ್ಯಾಪ್‌ಟಾಪೂ ಅದಕ್ಕೇ ಜೋಡಣೆಯಾಗುತ್ತದೆ.

ಇದು ಬರಿಯ ಭೀತಿಯಲ್ಲವೆಂಬುದಕ್ಕೆ ಲೋಕಪ್ರಸಿದ್ಧವಾದ ನಿದರ್ಶನವೊಂದಿದೆ. ಲಾಸ್ಟ್‌ಪಾಸ್ ಎಂಬುದು ಲಕ್ಷಾಂತರ ಜನರ ಗುಪ್ತಪದಗಳನ್ನು ತಿಜೋರಿಯಲ್ಲಿಟ್ಟು ಕಾಯುವ ಅಮೆರಿಕದ ಸಂಸ್ಥೆ. 2022ರಲ್ಲಿ ಆ ತಿಜೋರಿಗಳ ಪ್ರತಿಗಳೇ ಕಳುವಾದುವು. ಹೇಗೆಂಬುದು 2023ರಲ್ಲಿ ಹೊರಬಿತ್ತು. ಅತಿಮುಖ್ಯವಾದ ಕೀಲಿಗಳು ಸಂಸ್ಥೆಯ ನಾಲ್ವರು ಎಂಜಿನಿಯರುಗಳಿಗೆ ಮಾತ್ರ ದೊರಕುತ್ತಿದ್ದುವು. ಕಳ್ಳರು ಸಂಸ್ಥೆಯ ಹೆಬ್ಬಾಗಿಲನ್ನು ಬಿಟ್ಟು ಆ ನಾಲ್ವರಲ್ಲಿ ಒಬ್ಬಾತನ ಮನೆಯ ಕಂಪ್ಯೂಟರಿನೊಳಗೆ ನುಸುಳಿದರು. ದಾರಿ ಕೊಟ್ಟುದು ಆತನು ಮನೆಮಂದಿಗೆ ಹಾಡು, ಸಿನಿಮಾ ಹರಿಸಲು ಇಟ್ಟುಕೊಂಡಿದ್ದ ತಂತ್ರಾಂಶ. ಅದು ಪ್ಲೆಕ್ಸ್ ಎಂಬುದು ಆಮೇಲೆ ತಿಳಿಯಿತು. ಒಳಹೊಕ್ಕವರು ಆತ ಒತ್ತಿದ ಒಂದೊಂದು ಅಕ್ಷರವನ್ನೂ ಬರೆದುಕೊಳ್ಳುವ ಗೂಢಚಾರನನ್ನು ಅಲ್ಲಿ ಕೂಡಿಸಿದರು. ಆತ ಗುಪ್ತಪದವನ್ನು ಒತ್ತಿದೊಡನೆ ತಿಜೋರಿಯ ಕೀಲಿ ಅವರ ಕೈ ಸೇರಿತು. ಇದರಲ್ಲಿ ಮರುಕ ಹುಟ್ಟಿಸುವ ಸಂಗತಿ ಇನ್ನೊಂದು. ಆ ತಂತ್ರಾಂಶದ ದೋಷವನ್ನು ಪ್ಲೆಕ್ಸಿನವರು 2020ರ ಮೇ ತಿಂಗಳಲ್ಲಿಯೇ ಸರಿಪಡಿಸಿದ್ದರು. ಹೊಸ ಆವೃತ್ತಿಯನ್ನು ಹಾಕಿಕೊಳ್ಳಲು ಆ ಎಂಜಿನಿಯರು ಮರೆತಿದ್ದ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಗೆ ಇದಕ್ಕಿಂತ ಉತ್ತಮವಾದ ವ್ಯಾಖ್ಯಾನ ದೊರೆಯುವುದು ಕಷ್ಟ.

ಹಾಗಾದರೆ ಟ್ರಂಕನ್ನು ಮತ್ತೆ ಅಟ್ಟಕ್ಕೇರಿಸಬೇಕೆ? ಬೇಕಾಗಿಲ್ಲ. ಮಗ ಕೈಗೊಂಡ ಉಪಾಯವನ್ನು ವಾಚಕರೂ ಅನುಸರಿಸಬಹುದು.

ಅವನು ಮೊದಲು ತೆರೆದಿದ್ದ ಪೋರ್ಟನ್ನು ಮುಚ್ಚಿದ. ಜೊತೆಗೆ, ಒಳಗಿನ ಉಪಕರಣಗಳು ಯಜಮಾನನನ್ನು ಕೇಳದೆ ತಾವೇ ಪೋರ್ಟ್ ತೆರೆಸಿಕೊಳ್ಳಲು ಅವಕಾಶ ಕೊಡುವ ಯುಪಿಎನ್‌ಪಿ ಎಂಬ ಏರ್ಪಾಡು ರೂಟರಿನಲ್ಲಿತ್ತು, ಅದನ್ನೂ ನಿಲ್ಲಿಸಿದ. ರೂಟರಿನೊಂದಿಗೆ ಬಂದಿದ್ದ ಗುಪ್ತಪದವನ್ನು ಬದಲಾಯಿಸಿದ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡುದು ಕಾರ್ಖಾನೆಯಲ್ಲಿ ಇಟ್ಟ ಗುಪ್ತಪದಗಳನ್ನು ಯಾರೂ ಬದಲಿಸಿರಲಿಲ್ಲವೆಂಬ ಒಂದೇ ಕಾರಣದಿಂದ.

ಅನಂತರ ಮನೆಗೆ ಒಂದು ಖಾಸಗಿ ಸುರಂಗವನ್ನು ತೋಡಿದ. ವಿಪಿಎನ್ ಎಂದು ಇದನ್ನು ಕರೆಯುತ್ತಾರೆ. ಇದರಲ್ಲಿ ವೈರ್‌ಗಾರ್ಡ್ ಎಂಬ ವಿಧಾನ 2020ರಲ್ಲಿ ಲಿನಕ್ಸಿನ ಒಡಲಿಗೇ ಸೇರಿತು. ಅದರ ನಡತೆ ಮೆಚ್ಚತಕ್ಕದ್ದು. ತಂದೆ, ಮಗ, ಮಗಳು ಮೂವರ ಉಪಕರಣಗಳಿಗೂ ಬೇರೆ ಬೇರೆ ಕೀಲಿಗಳಿರುತ್ತವೆ. ಕೀಲಿಯುಳ್ಳವರು ತಟ್ಟಿದರೆ ಕದ ತೆರೆಯುತ್ತದೆ, ಇಲ್ಲದವರು ಎಷ್ಟು ತಟ್ಟಿದರೂ ಒಳಗಿನಿಂದ "ಯಾರು?" ಎಂಬ ದನಿಯೂ ಬಾರದು. ಅಲ್ಲೊಂದು ಮನೆಯಿದೆಯೆಂಬ ಸುಳಿವೇ ಕಳ್ಳನಿಗೆ ಹತ್ತುವುದಿಲ್ಲ. ಸುರಂಗದಲ್ಲಿ ಸಾಗುವುದೆಲ್ಲ ಗೂಢಲಿಪಿಯಲ್ಲಿರುವುದರಿಂದ ನಡುದಾರಿಯಲ್ಲಿ ಕಿವಿಗೊಟ್ಟವರಿಗೂ ಅರ್ಥವಾಗದು.

ಇಲ್ಲಿ ನಮ್ಮ ನಾಡಿನ ಒಂದು ವಿಶೇಷವುಂಟು. ವಿಳಾಸಗಳ ಅಭಾವದಿಂದ ಅನೇಕ ಅಂತರಜಾಲ ಸಂಸ್ಥೆಗಳು ನೂರಾರು ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂಡಿಸುತ್ತವೆ, ವಠಾರಕ್ಕೆಲ್ಲ ಒಂದೇ ತಲೆಬಾಗಿಲಿರುವಂತೆ. ಅಂತಹ ಮನೆಗಳಲ್ಲಿ ರೂಟರಿನ ಪೋರ್ಟನ್ನು ತೆರೆದರೂ ಹೊರಗಿನ ಕರೆ ಒಳಗೆ ಮುಟ್ಟುವುದಿಲ್ಲ. ವೈರ್‌ಗಾರ್ಡಿನ ಮೇಲೆಯೇ ಕಟ್ಟಿರುವ ಟೇಲ್‌ಸ್ಕೇಲ್‌ನಂತಹ ಸೇವೆಗಳು ಅಲ್ಲಿಯೂ ಕೆಲಸ ಮಾಡುತ್ತವೆ. ಎರಡು ತುದಿಗಳೂ ಒಳಗಿನಿಂದಲೇ ಕೈಚಾಚಿ ಸಂಧಿಸುತ್ತವೆ. ಮಗಳು ಮಾಡಬೇಕಾದುದು ಫೋನಿನಲ್ಲಿ ಅದನ್ನು ಒಮ್ಮೆ ಕೂಡಿಸುವುದಷ್ಟೆ.

ದೂರದರ್ಶನದ ಪೆಟ್ಟಿಗೆಗೆ ಸುರಂಗದ ಅಭ್ಯಾಸವಿಲ್ಲದೆ, ಸಾರ್ವಜನಿಕ ಬಾಗಿಲನ್ನೇ ಇಡಬೇಕಾದ ಸಂದರ್ಭವೂ ಬರಬಹುದು. ಆಗ ಹಾಡಿನ ಸರ್ವರನ್ನು ನೇರವಾಗಿ ಹೊರಗೊಡ್ಡದೆ, ಅದರ ಮುಂದೆ ಬಾಗಿಲು ಕಾಯುವ ಇನ್ನೊಂದು ತಂತ್ರಾಂಶವನ್ನು ನಿಲ್ಲಿಸಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 2015ರಿಂದ ಉಚಿತವಾಗಿ ಕೊಡುತ್ತಿರುವ ಪ್ರಮಾಣಪತ್ರವನ್ನು ಪಡೆದು ಸಂಚಾರವನ್ನೆಲ್ಲ ಗೂಢಲಿಪಿಗೊಳಿಸಬೇಕು. ಪ್ರತಿಯೊಬ್ಬರಿಗೂ ಪ್ರತ್ಯೇಕವಾದ ಉದ್ದನೆಯ ಗುಪ್ತಪದವಿರಬೇಕು. ಮೇಲ್ವಿಚಾರಕನ ಅಧಿಕಾರ ಮನೆಯ ಒಳಗಿನಿಂದಲ್ಲದೆ ಹೊರಗಿನಿಂದ ದೊರಕಕೂಡದು. ಎರಡು ಮಾರ್ಗಗಳಲ್ಲಿ ಯಾವುದನ್ನು ಹಿಡಿದರೂ ತಂತ್ರಾಂಶದ ಹೊಸ ಆವೃತ್ತಿ ಬಂದೊಡನೆ ಹಾಕಿಕೊಳ್ಳುವುದು ನಿತ್ಯಕರ್ಮದಂತೆ ನಡೆಯಬೇಕು. ಆ ಎಂಜಿನಿಯರಿನ ಕಥೆಯ ಸಾರ ಇದೊಂದೇ.

ಕಾಯಿದೆಯ ಮಾತೊಂದು. ಮನೆಯವರು ತಾವೇ ಹಾಡಿ ತಾವೇ ಮುದ್ರಿಸಿಕೊಂಡುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅದೇ ಕಪಾಟಿನಲ್ಲಿ ಅಂಗಡಿಯಿಂದ ಕೊಂಡ ನಾಟಕದ ಕ್ಯಾಸೆಟ್ಟು, ಸಿನಿಮಾಗಳೂ ಇರುವುದುಂಟು. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಧ್ವನಿಮುದ್ರಣದ ಮೇಲಿನ ಹಕ್ಕು ಪ್ರಕಟವಾದ ವರ್ಷದ ಮರುವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಸ್ವಂತಕ್ಕೆ ಕೇಳುವುದು ಬೇರೆ, ಊರಿಗೆಲ್ಲ ಹರಿಸುವುದು ಬೇರೆ. ಬೀಗ ಕಳ್ಳರನ್ನು ತಡೆಯುವಂತೆ, ಈ ಎರಡರ ನಡುವಣ ಗಡಿಯನ್ನೂ ಕಾಯುತ್ತದೆ.

ಕೊನೆಗೊಂದು ಎಚ್ಚರ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ತಂಡ ಅಂತರಜಾಲಕ್ಕೆ ತೆರೆದುಕೊಂಡಿದ್ದ ಮನೆ, ಕಛೇರಿಗಳ ಸಂಗ್ರಹಪೆಟ್ಟಿಗೆಗಳಿಗೆ ನುಗ್ಗಿ, ಅಲ್ಲಿದ್ದುದನ್ನೆಲ್ಲ ಗೂಢಲಿಪಿಗೆ ತಿರುಗಿಸಿ ಬಿಡುಗಡೆಗೆ ಹಣ ಕೇಳಿತು. ಬೇರೆ ಪ್ರತಿ ಇಟ್ಟಿದ್ದವರು ಪೆಟ್ಟಿಗೆಯನ್ನು ಅಳಿಸಿ ಮತ್ತೆ ತುಂಬಿಕೊಂಡರು. ಇಡದವರ ಪಾಡು ಬೇರೆ. ಆದುದರಿಂದ ಸಂಗ್ರಹಕ್ಕೆ ಮೂರು ಪ್ರತಿಗಳಿರಲಿ; ಅವು ಎರಡು ಬಗೆಯ ಸಾಧನಗಳಲ್ಲಿರಲಿ; ಒಂದು ಬೇರೆ ಊರಿನಲ್ಲಿರಲಿ. ಸಿರುಗುಪ್ಪದ ಮನೆಯ ಒಂದು ಪ್ರತಿ ಈಗ ಬೆಂಗಳೂರಿನಲ್ಲಿ ಮಗನ ಬೀರುವಿನಲ್ಲಿದೆ. ಕ್ಯಾಸೆಟ್ಟುಗಳನ್ನೂ ಎಸೆದಿಲ್ಲ; ಟ್ರಂಕು ಅಟ್ಟಕ್ಕೇರದೆ ಮಂಚದ ಕೆಳಗೆ ಸ್ಥಳ ಪಡೆದಿದೆ.

ಮಗ ತಂದೆಗೂ ಒಂದು ಕೆಲಸವನ್ನು ಹಚ್ಚಿದ್ದಾನೆ. ವಾರಕ್ಕೊಮ್ಮೆ ಸರ್ವರಿನ ಪುಟವನ್ನು ತೆರೆದು, ಒಳಗೆ ಬಂದವರ ಹೆಸರುಗಳನ್ನು ನೋಡಬೇಕು. ಮೂರಕ್ಕಿಂತ ಹೆಚ್ಚಿದ್ದರೆ ಫೋನು ಮಾಡಬೇಕು. ಮೂವತ್ತು ವರ್ಷ ಹಾಜರಿ ಕರೆದವರಿಗೆ ಇದೇನು ಭಾರ? ಅವರು ವಾರಕ್ಕೊಮ್ಮೆ ಎಂಬುದನ್ನು ದಿನಕ್ಕೊಮ್ಮೆ ಮಾಡಿಕೊಂಡಿದ್ದಾರೆ. ಬೆಳಗಿನ ಐದೂವರೆಗೆ ಚಹದ ಲೋಟ ಹಿಡಿದು ಕುಳಿತಾಗ, ನ್ಯೂಜೆರ್ಸಿಯಲ್ಲಿ ಹಿಂದಿನ ದಿನದ ರಾತ್ರಿ. ಕೂಸು ಮಲಗುವ ವೇಳೆ. ಪಟ್ಟಿಯಲ್ಲಿ ಮಗಳ ಹೆಸರು ಮೂಡುತ್ತದೆ. ಅದರ ಮುಂದೆ, ಕೇಳುತ್ತಿರುವ ಹಾಡಿನ ಹೆಸರು. ಹಿರಿಯರು ಅದನ್ನು ಓದಿ, ಕನ್ನಡಕ ತೆಗೆದು ಒರಸಿಕೊಂಡು, ಹಾಜರಿ ಸರಿಯಾಗಿದೆಯೆಂದು ಪುಟವನ್ನು ಮುಚ್ಚುತ್ತಾರೆ.