ಉಸ್ತಾದರೂ ಬೇಕು, ಮನಶ್ಶಾಸ್ತ್ರಜ್ಞರೂ ಬೇಕು

ಪಿಯುಸಿಯಲ್ಲಿ ಮನಶ್ಶಾಸ್ತ್ರ ತೆಗೆದುಕೊಂಡಿದ್ದೇನೆ ಎಂದರೆ ನನಗೆ ಎರಡು ಬಗೆಯ ಮಾತು ಕೇಳಿಬರುತ್ತದೆ. "ಮನಸ್ಸು ಸರಿಯಿಲ್ಲ ಅಂದರೆ ಎರಡು ರಕಅತ್ ನಮಾಝ್ ಮಾಡಿದರಾಯಿತು, ಅದಕ್ಕೆ ಪುಸ್ತಕ ಯಾಕೆ?" ಎನ್ನುವವರು ಕೆಲವರು. "ಇದು ವಿಜ್ಞಾನ, ಇದರೊಳಗೆ ಧರ್ಮ ತರಬೇಡಿ" ಎನ್ನುವವರು ಇನ್ನು ಕೆಲವರು. ಎರಡೂ ಅರ್ಧ ಮಾತು. ಪರೀಕ್ಷೆ ಹತ್ತಿರ ಬಂದು ನಮ್ಮಲ್ಲಿ ಹಲವರಿಗೆ ನಿದ್ದೆ ಕೆಟ್ಟಿರುವ ಈ ದಿನಗಳಲ್ಲಿ ಉಳಿದರ್ಧದ ಬಗ್ಗೆಯೂ ಮಾತಾಡಬೇಕು.

ಇದು ಹೊಸ ವಿಚಾರವೇನಲ್ಲ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದಲ್ಲಿ ಹುಟ್ಟಿದ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು 934ರಲ್ಲಿ ತೀರಿಕೊಂಡರು. ಅವರ ಒಂದು ಗ್ರಂಥದ ಮೊದಲ ಭಾಗ ದೇಹದ ಆರೋಗ್ಯದ್ದು, ಎರಡನೆಯದು ಮನಸ್ಸಿನ ಆರೋಗ್ಯದ್ದು. ಸಿಟ್ಟು, ಭಯ, ದುಃಖ, ಬಿಡದೆ ಕಾಡುವ ಯೋಚನೆಗಳು ಎಂದು ಅವರು ಒಂದೊಂದನ್ನೂ ಬೇರೆಯಾಗಿ ವಿವರಿಸಿದರು. ಕಾರಣ ಗೊತ್ತಿರುವ ದುಃಖವೇ ಬೇರೆ, ಕಾರಣವೇ ತಿಳಿಯದೆ ಕವಿಯುವ ದುಃಖವೇ ಬೇರೆ. ಎರಡನೆಯದರ ಮೂಲ ದೇಹದಲ್ಲಿರುವುದರಿಂದ ಅದಕ್ಕೆ ವೈದ್ಯಕೀಯ ಚಿಕಿತ್ಸೆ ಬೇಕು ಎಂದರು. ಮನೆಯಲ್ಲಿ ಔಷಧಿ ಇಟ್ಟುಕೊಳ್ಳುವಂತೆ, ಕಷ್ಟ ಬರುವ ಮೊದಲೇ ಒಳ್ಳೆಯ ಯೋಚನೆಗಳನ್ನು ರೂಢಿಸಿಟ್ಟುಕೊಳ್ಳಿ ಎಂಬುದು ಅವರ ಸಲಹೆ. ಯೋಚನೆ ತಿದ್ದಿ ಮನಸ್ಸನ್ನು ಸರಿಪಡಿಸುವ ಚಿಕಿತ್ಸೆಯನ್ನು ಅಮೆರಿಕದ ಆ್ಯರನ್ ಬೆಕ್ ರೂಪಿಸಿದ್ದು 1960ರ ದಶಕದಲ್ಲಿ. ಬಲ್ಖಿಯವರ ಮನಸ್ಸಿನ ಭಾಗವನ್ನು ಇಂಗ್ಲಿಷಿಗೆ ತಂದವರು ಸುಡಾನಿನ ಮನಶ್ಶಾಸ್ತ್ರಜ್ಞ ಮಲಿಕ್ ಬದ್ರಿ.

ಹಳೆಯದನ್ನು ಹೇಳಿಕೊಂಡು ಹೆಮ್ಮೆಪಟ್ಟರೆ ಸಾಲದು. ಇಂದು ಅದು ಎಲ್ಲಿ ಉಪಯೋಗಕ್ಕೆ ಬರುತ್ತದೆ? ನಮಗೆಲ್ಲ ಗೊತ್ತಿರುವ ಒಂದು ತೊಂದರೆಯನ್ನೇ ನೋಡೋಣ. ನಮಾಝಿಗೆ ಮೊದಲು ಕೈಕಾಲು, ಮುಖ ತೊಳೆಯುವ ವುಝೂವನ್ನು ಕೆಲವರು ಮತ್ತೆ ಮತ್ತೆ ಮಾಡುತ್ತಾರೆ. ಮೊಣಕೈಗೆ ನೀರು ತಾಗಿತೋ ಇಲ್ಲವೋ ಎಂಬ ಸಂಶಯ. ಹೊರಗೆ ಜಮಾಅತ್ ಮುಗಿದರೂ ನಳ್ಳಿ ನಿಲ್ಲುವುದಿಲ್ಲ. ನಾವು ಇದನ್ನು ವಸ್ವಾಸ್ ಎನ್ನುತ್ತೇವೆ. ಹೀಗೆ ಅದು ದಿನದ ಗಂಟೆಗಳನ್ನು ತಿನ್ನತೊಡಗಿದರೆ ಅದು ಗೀಳು ಕಾಯಿಲೆ, ಅಂದರೆ ಒಸಿಡಿ ಆಗಿರಬಹುದು ಎನ್ನುತ್ತದೆ ಮನಶ್ಶಾಸ್ತ್ರ.

ಇಂಥವರಿಗೆ "ನಿನ್ನ ಈಮಾನ್ ದುರ್ಬಲ" ಎಂದರೆ ಏನಾಗುತ್ತದೆ? ಅವರು ಇನ್ನಷ್ಟು ಹೆದರಿ ಇನ್ನಷ್ಟು ತೊಳೆಯುತ್ತಾರೆ. ಧರ್ಮವಾದರೂ ಹಾಗೆ ಹೇಳಿದೆಯೇ? ಬಾಯಿಬಿಟ್ಟು ಹೇಳಲಾಗದಂಥ ಯೋಚನೆಗಳು ಬರುತ್ತಿವೆ ಎಂದು ಅನುಚರರು ಕಳವಳದಿಂದ ಹೇಳಿಕೊಂಡಾಗ, ಪ್ರವಾದಿ(ಸ)ಯವರು ಅವರನ್ನು ಗದರಲಿಲ್ಲ. ಆ ಕಳವಳವೇ ಈಮಾನಿನ ಗುರುತು ಎಂದರು. ಖಚಿತವಾಗಿರುವುದು ಸಂಶಯದಿಂದ ರದ್ದಾಗದು ಎಂಬುದು ಫಿಕ್ಹ್‌ನ ಮೂಲ ನಿಯಮಗಳಲ್ಲಿ ಒಂದು. ಸಂಶಯಕ್ಕೆ ಕಿವಿಗೊಡದೆ ಮುಂದೆ ಹೋಗು ಎಂದು ಫುಕಹಾಗಳು ಹೇಳುತ್ತಾರೆ. ಮನಶ್ಶಾಸ್ತ್ರಜ್ಞರು ಒಸಿಡಿಗೆ ಮಾಡಿಸುವ ಅಭ್ಯಾಸವೂ ಇದೇ: ತೊಳೆಯಬೇಕೆನಿಸಿದರೂ ತೊಳೆಯದೆ, ಆ ತಳಮಳವನ್ನು ಸ್ವಲ್ಪ ಸ್ವಲ್ಪವೇ ಸಹಿಸಿಕೊಳ್ಳಲು ಕಲಿಯುವುದು.

ಇಬ್ಬರೂ ಬೇಕಾಗುವುದು ಇಲ್ಲಿಯೇ. "ಒಂದು ಸಲ ಮಾಡಿದ ವುಝೂ ಸಾಕು" ಎಂದು ಡಾಕ್ಟರ್ ಹೇಳಿದರೆ ರೋಗಿಗೆ ನಂಬಿಕೆ ಬರುವುದಿಲ್ಲ. ಉಸ್ತಾದರು ಹೇಳಿದರೆ ಬರುತ್ತದೆ. ಆದರೆ ಅದೇ ಪ್ರಶ್ನೆಯನ್ನು ದಿನಕ್ಕೆ ಹತ್ತು ಬಾರಿ ಕೇಳುವುದೂ ಆ ಕಾಯಿಲೆಯ ಭಾಗ, ಪ್ರತಿ ಸಲ ಸಮಾಧಾನ ಹೇಳಿದರೆ ಗೀಳು ಬಲಿಯುತ್ತದೆ ಎಂಬುದನ್ನು ಉಸ್ತಾದರಿಗೆ ತಿಳಿಸಬೇಕಾದವರು ಮನಶ್ಶಾಸ್ತ್ರಜ್ಞರು. ನಮಾಝನ್ನೇ ಅರಿಯದ ಚಿಕಿತ್ಸಕರು, ಗೀಳನ್ನೇ ಅರಿಯದ ಉಸ್ತಾದರು — ಇಬ್ಬರಲ್ಲಿ ಯಾರೊಬ್ಬರನ್ನೇ ನಂಬಿಕೊಂಡರೂ ರೋಗಿ ನಡುದಾರಿಯಲ್ಲಿ ಉಳಿಯುತ್ತಾನೆ.

ಬೇರೆ ಪರಂಪರೆಗಳ ಅರಿವೂ ಹೀಗೆ ಚಿಕಿತ್ಸೆಗೆ ಬಂದಿದೆ. ಬೌದ್ಧ ಧ್ಯಾನದಿಂದ ಕಲಿತದ್ದನ್ನು ಜಾನ್ ಕಬಟ್-ಝಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ದೀರ್ಘಕಾಲದ ನೋವಿನ ರೋಗಿಗಳಿಗೆ ಕಲಿಸತೊಡಗಿದರು. ಆದರೆ ಧ್ಯಾನವಾಗಲಿ, ಝಿಕ್ರ್ ಆಗಲಿ, ಔಷಧಿ ಬೇಕಾದ ಕಡೆ ಔಷಧಿಯ ಜಾಗವನ್ನು ತುಂಬುವುದಿಲ್ಲ. ಮಾತ್ರೆಯೂ ಅಷ್ಟೇ. ಬದುಕು ಯಾತಕ್ಕಾಗಿ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಒಂಟೆಯನ್ನು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡು ಎಂಬ ಪ್ರವಾದಿ(ಸ)ಯವರ ಉಪದೇಶ ನಮಗೆ ಗೊತ್ತಿದೆ. ಚಿಕಿತ್ಸೆ ಪಡೆಯುವುದೂ ಒಂಟೆ ಕಟ್ಟುವ ಕೆಲಸವೇ.

ಆದ್ದರಿಂದ ನಮ್ಮ ಕಾಲೇಜಿಗೆ ನನ್ನದೊಂದು ವಿನಂತಿ. ತಿಂಗಳಿಗೊಮ್ಮೆ ನೈತಿಕ ಶಿಕ್ಷಣದ ಒಂದು ಪೀರಿಯಡ್‌ನಲ್ಲಿ ಮನಶ್ಶಾಸ್ತ್ರದ ಉಪನ್ಯಾಸಕರು ಮತ್ತು ಉಸ್ತಾದರು ಒಟ್ಟಿಗೆ ಕುಳಿತು ನಮ್ಮ ಪ್ರಶ್ನೆಗಳಿಗೆ ಉತ್ತರಿಸಲಿ. ಹೆಸರಿಲ್ಲದ ಚೀಟಿಯಲ್ಲಿ ಪ್ರಶ್ನೆ ಹಾಕಲು ಒಂದು ಪೆಟ್ಟಿಗೆ ಇರಲಿ. ಎಲ್ಲ ಧರ್ಮದ ವಿದ್ಯಾರ್ಥಿಗಳಿಗೂ ಅದು ತೆರೆದಿರಲಿ. ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416ನ್ನು ಪ್ರತಿ ತರಗತಿಯ ಗೋಡೆಗೆ ಅಂಟಿಸೋಣ. ಹಗಲು ರಾತ್ರಿ ಯಾವಾಗ ಕರೆ ಮಾಡಿದರೂ ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪಕ್ಕದ ಬೆಂಚಿನವರು ಮನಸ್ಸಿನ ಕಷ್ಟ ಹೇಳಿಕೊಂಡರೆ ದುಆ ಖಂಡಿತ ಮಾಡಿ. ಅದರ ಜೊತೆಗೆ ಆ ಸಂಖ್ಯೆಯನ್ನೂ ಕೊಡಿ.