ಆಸ್ಪತ್ರೆಯಲ್ಲಿ ಮಾತೂ ಚಿಕಿತ್ಸೆಯ ಭಾಗವಾಗಲಿ

ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರ ಮೇಲೆ ಹಲ್ಲೆ ನಡೆದಾಗಲೆಲ್ಲ ಎರಡು ಬೇಡಿಕೆಗಳು ಕೇಳಿಬರುತ್ತವೆ: ಪೊಲೀಸ್ ಕಾವಲು ಹೆಚ್ಚಿಸಬೇಕು, ಕಾನೂನು ಬಿಗಿಯಾಗಬೇಕು. ಎರಡೂ ನ್ಯಾಯವಾದವೇ. ಆದರೆ ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯುವ ಕಾಯ್ದೆ ಕರ್ನಾಟಕದಲ್ಲಿ 2009ರಲ್ಲಿಯೇ ಬಂದಿದೆ. ಹಲ್ಲೆಗಳು ಮಾತ್ರ ನಿಂತಿಲ್ಲ. ಕಾನೂನು ಕಾಲಿಡುವುದು ಜಗಳವಾದ ಮೇಲೆ. ಅದಕ್ಕೆ ಮುಂಚಿನ ಒಂದೆರಡು ತಾಸುಗಳಲ್ಲಿ ಏನಾಯಿತು ಎಂದು ವಿಚಾರಿಸುವವರು ವಿರಳ.

ದೇವದುರ್ಗ ಸೀಮೆಯ ಅರಕೇರಾದಂಥ ಊರನ್ನೇ ಗಮನಿಸೋಣ. 2002ರಲ್ಲಿ ಡಿ.ಎಂ. ನಂಜುಂಡಪ್ಪ ಸಮಿತಿಯು ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಹೊಲದಲ್ಲಿ ಹಾವು ಕಚ್ಚಿದವನನ್ನೋ ಹೆರಿಗೆ ಕಷ್ಟವಾದ ಹೆಣ್ಣುಮಗಳನ್ನೋ ಇಲ್ಲಿನ ಜನ ಮೊದಲು ಹತ್ತಿರದ ದವಾಖಾನೆಗೆ, ಅಲ್ಲಿಂದ ದೇವದುರ್ಗಕ್ಕೆ, ಕೊನೆಗೆ ರಾಯಚೂರಿನ ರಿಮ್ಸ್‌ಗೆ ಒಯ್ಯುತ್ತಾರೆ. ‘ಮುಂದಕ್ಕೆ ಒಯ್ಯಿರಿ’ ಎಂಬ ಚೀಟಿ ಅವರ ಕೈಗೆ ಬರುತ್ತದೆ. ಏಕೆ ಒಯ್ಯಬೇಕು ಎಂಬ ವಿವರಣೆ ಎಷ್ಟೋ ಸಲ ಬರುವುದಿಲ್ಲ. ಹಿಂದಿನ ನಿಲ್ದಾಣಗಳಲ್ಲಿ ಕೂಡಿಬಿದ್ದ ಆತಂಕವೆಲ್ಲ, ಅವುಗಳಿಗೆ ಸಂಬಂಧವೇ ಇಲ್ಲದ ಕಿರಿಯ ವೈದ್ಯನ ಮೇಲೆ ಸ್ಫೋಟಗೊಳ್ಳುತ್ತದೆ.

1963ರಲ್ಲಿ ಅರ್ಥಶಾಸ್ತ್ರಜ್ಞ ಕೆನ್ನೆತ್ ಆ್ಯರೋ ವೈದ್ಯಕೀಯ ಸೇವೆಯನ್ನು ಕುರಿತು ಬರೆದ ಪ್ರಬಂಧದಲ್ಲಿ ಒಂದು ಮುಖ್ಯ ಅಂಶವನ್ನು ಎತ್ತಿ ತೋರಿಸಿದರು. ಚಿಕಿತ್ಸೆಯ ಗುಣಮಟ್ಟವನ್ನು ರೋಗಿ ತಾನಾಗಿ ಅಳೆಯಲಾರ. ಆದ್ದರಿಂದ ಈ ವ್ಯವಹಾರ ನಿಂತಿರುವುದು ನಂಬಿಕೆಯ ಮೇಲೆ. ಅಂಥಲ್ಲಿ ಮೌನವು ಕೇವಲ ಮಾಹಿತಿಯ ಕೊರತೆಯಾಗಿ ಉಳಿಯುವುದಿಲ್ಲ, ನಂಬಿಕೆಯನ್ನೇ ಕೊರೆಯುತ್ತದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಮಾತನಾಡುವ ಜಿಲ್ಲೆಯಲ್ಲಿ ‘ಹೆಂಗದಾರ್ರಿ?’ ಎಂದು ಕೇಳಿದ ತಾಯಿಗೆ ಅರ್ಥವಾಗದ ಉತ್ತರ ಕೊಟ್ಟರೆ, ಅದೂ ಮೌನವೇ.

ವೈದ್ಯರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಹತ್ತಾರು ರೋಗಿಗಳ ನಡುವೆ ಒಬ್ಬರೇ ಓಡಾಡುವ ವೈದ್ಯರಿಗೆ ‘ಸಮಾಧಾನದಿಂದ ಮಾತನಾಡಿ’ ಎಂದು ಉಪದೇಶಿಸುವುದು ಸುಲಭ. 2019ರಿಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಸಂವಹನ ಮತ್ತು ನೈತಿಕತೆಯ ಪಾಠಗಳು ಸೇರಿವೆ. ಆದರೆ ರೋಗಿಯ ಕಡೆಯವರು ಮೊದಲು ಎದುರಾಗುವುದು ಬಾಗಿಲಿನ ಕಾವಲುಗಾರನಿಗೆ, ವಾರ್ಡಿನ ಡಿ ದರ್ಜೆ ನೌಕರನಿಗೆ. ಒಂದು ಒರಟು ಮಾತು ಅಲ್ಲಿಯೇ ಜಗಳಕ್ಕೆ ನಾಂದಿಯಾಗಬಹುದು.

ಪರಿಹಾರಕ್ಕೆ ದೂರ ಹೋಗಬೇಕಿಲ್ಲ. ಎಚ್‌ಐವಿ ಪರೀಕ್ಷೆಗೆ ಮುನ್ನ ಮತ್ತು ನಂತರ ರೋಗಿಯೊಡನೆ ಏಕಾಂತದಲ್ಲಿ, ಅವರ ಭಾಷೆಯಲ್ಲಿ ಮಾತನಾಡುವ ಆಪ್ತ ಸಮಾಲೋಚಕರು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಈಗಾಗಲೇ ಇದ್ದಾರೆ. ಕಹಿ ಸುದ್ದಿಯನ್ನು ಹೇಳುವುದಕ್ಕೂ ತರಬೇತಿ ಬೇಕೆಂದು ಆ ಒಂದು ಕಾಯಿಲೆಯ ವಿಷಯದಲ್ಲಿ ಒಪ್ಪಿದ ಸರ್ಕಾರ, ತುರ್ತು ಚಿಕಿತ್ಸಾ ಘಟಕ ಮತ್ತು ಹೆರಿಗೆ ವಾರ್ಡಿಗೂ ಅದೇ ನ್ಯಾಯವನ್ನು ಅನ್ವಯಿಸಬಾರದೇಕೆ? ಹಗಲಿರುಳೂ ಒಬ್ಬ ಸಮಾಲೋಚಕರಿರಲಿ. ಏನು ಕಂಡುಬಂದಿದೆ, ಏನು ಮಾಡಲಾಗುತ್ತಿದೆ, ಮತ್ತೆ ಎಷ್ಟು ಹೊತ್ತಿಗೆ ತಿಳಿಸಲಾಗುತ್ತದೆ ಎಂಬ ಮೂರು ಸಂಗತಿಗಳನ್ನು ಅವರು ಮನೆಯವರಿಗೆ ಹೇಳಲಿ. ರೋಗಿಯನ್ನು ಮುಂದಕ್ಕೆ ಕಳುಹಿಸುವ ಆಸ್ಪತ್ರೆ ಕಾರಣವನ್ನು ಕನ್ನಡದಲ್ಲಿ ಬರೆದುಕೊಟ್ಟು, ಮುಂದಿನ ಆಸ್ಪತ್ರೆಗೆ ದೂರವಾಣಿಯಲ್ಲಿ ತಿಳಿಸಲಿ.

ಒಂದು ಎಚ್ಚರಿಕೆಯೂ ಅಗತ್ಯ. ಸವಿಮಾತು ಲೋಪವನ್ನು ಮುಚ್ಚುವ ಹೊದಿಕೆಯಾಗಬಾರದು. 2024ರ ನವೆಂಬರ್‌ನಲ್ಲಿ ನೆರೆಯ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಒಬ್ಬರಾದ ಮೇಲೊಬ್ಬರು ಸತ್ತಾಗ, ರಕ್ತನಾಳಕ್ಕೆ ನೀಡಿದ ದ್ರಾವಣದ ಗುಣಮಟ್ಟದ ಬಗ್ಗೆಯೇ ಪ್ರಶ್ನೆಗಳೆದ್ದವು. ಅಂಥ ಮನೆಯವರಿಗೆ ಬೇಕಾದದ್ದು ಸಾಂತ್ವನವಷ್ಟೇ ಅಲ್ಲ, ಸತ್ಯ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ತಪ್ಪುಗಳನ್ನು ತಾವಾಗಿ ತಿಳಿಸಿ, ಪರಿಹಾರ ನೀಡುವ ಪದ್ಧತಿಯನ್ನು ಅನುಸರಿಸಿದವು. ಆ ಬಳಿಕ ಹೊಸ ಪರಿಹಾರ ಬೇಡಿಕೆಗಳೂ ದಾವೆಗಳೂ ಕಡಿಮೆಯಾದವೆಂದು 2010ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಆರಂಭವಾದ ಧರಣಿ ಸಾವಿರ ದಿನಗಳನ್ನು ದಾಟಿತು. ಆ ಬೇಡಿಕೆಗೆ ನನ್ನ ಬೆಂಬಲವಿದೆ. ಆದರೆ ಇರುವ ಆಸ್ಪತ್ರೆಗಳಲ್ಲಿ ಒಬ್ಬೊಬ್ಬ ಸಮಾಲೋಚಕರನ್ನು ನೇಮಿಸಲು ದೆಹಲಿಯ ಅನುಮತಿಗಾಗಿ ಕಾಯಬೇಕಿಲ್ಲ. ಕಲಂ 371(ಜೆ) ಬಂದ ಮೇಲೆ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಅನುದಾನವೂ ಇವೆ. ಕಟ್ಟಡಗಳಿಗೆ ತೆಗೆದಿರಿಸುವ ಹಣದ ಅಲ್ಪ ಪಾಲು ಈ ಕೆಲಸಕ್ಕೂ ಸಲ್ಲಲಿ.